ಅರವತ್ತು ಪದಗಳ ಒಳಗೆ

ವಿದಿನ್
ಸತ್ತವರ ಶನಿವಾರ, 2 ನವೆಂಬರ್ 2019

ಪ್ರೀತಿಯ ತಿಶೊ,

ನೀನು, ವಿಯೊಲೆತಾ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಬೆನ್ನುನೋವು ಈಗ ಹೇಗಿದೆ? ನಾನು ಸತ್ತಿಲ್ಲ. ಅಂಗಡಿಯ ಪೌನಾ ಫೋನಿನಲ್ಲಿ ನಿನಗೆ ಹೇಳಿದ್ದಾಳೆ, ಆದರೂ ನನ್ನ ಕೈಬರಹದಲ್ಲೇ ಒಂದು ಸಲ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ತಡವಾಯಿತು, ಕ್ಷಮಿಸು. ಮೊದಲ ವಾರ ಬರೆಯಲು ಕೂತಿದ್ದರೆ ಬರೀ ಬೈಗುಳ ಬರುತ್ತಿತ್ತು. ಎರಡನೆಯ ವಾರ ಸೋಫಿಯಾಕ್ಕೆ ಹೋಗಿದ್ದೆ, ಯಾಕೆಂದು ಆಮೇಲೆ ಹೇಳುತ್ತೇನೆ. ಮೂರನೆಯ ವಾರ ಬರೆಯಬಹುದಿತ್ತು, ಬರೆಯಲಿಲ್ಲ. ನೀನು ಕಳಿಸಿದ ಹೂವಿನ ಚಕ್ರ ತಲುಪಿತು. ದೊಡ್ಡದಾಗಿಯೇ ಇದೆ. ರಿಬ್ಬನ್ ಮೇಲೆ ನಿನ್ನ ಹೆಸರು, ವಿಯೊಲೆತಾಳ ಹೆಸರು, ಇಬ್ಬರು ಮಕ್ಕಳ ಹೆಸರು ಬಂಗಾರದ ಬಣ್ಣದಲ್ಲಿ ಫಳಫಳ ಹೊಳೆಯುತ್ತಿವೆ. ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲ.

ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ನೀನು ಯಾವತ್ತೂ ಕೇಳಿದವನಲ್ಲ. 'ಅಕ್ಕನ ದೆವ್ವದ ಚೀಟಿ' ಎಂದು ನಕ್ಕು ಬಿಟ್ಟವನು. ಈಗ ಕೇಳು.

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ನಾನು ಮೂವತ್ತೊಂದು ವರ್ಷದಿಂದ ಸಾವಿನ ಚೀಟಿ ಮಾಡುತ್ತಿದ್ದೇನೆ. ಅಂಗಡಿ ಈಗ ಪೌನಾಳದು, ಮೊದಲು ಅವಳ ಮಾವನದಿತ್ತು. ಮಾಲೀಕರು ಬದಲಾದರು, ಯಂತ್ರಗಳು ಬದಲಾದವು, ನಾನು ಮಾತ್ರ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ. ಈ ಊರಿನ ಯಾವ ಲೈಟುಕಂಬ, ಯಾವ ಬಾಗಿಲು, ಯಾವ ಬಸ್ ನಿಲ್ದಾಣ ನೋಡಿದರೂ ಅಲ್ಲಿ ಕಪ್ಪಂಚಿನೊಳಗೆ ನಾನು ಬರೆದ ನಾಲ್ಕು ಸಾಲು ಇರುತ್ತದೆ. ಸತ್ತ ದಿನ, ನಲವತ್ತನೆಯ ದಿನ, ಆರು ತಿಂಗಳು, ಆಮೇಲೆ ವರ್ಷ ವರ್ಷವೂ ಹೊಸ ಚೀಟಿ. ಅಳುತ್ತಾ ಬಂದವರು 'ಏನಾದ್ರೂ ಒಳ್ಳೇದು ಬರೀರಿ' ಎನ್ನುತ್ತಾರೆ, ನಾನು ಬರೆಯುತ್ತೇನೆ. ಹೆಂಡತಿಯನ್ನು ಹೊಡೆಯುತ್ತಿದ್ದವನಿಗೂ 'ಕುಟುಂಬದ ಆಧಾರಸ್ತಂಭ' ಎಂದು ಬರೆದಿದ್ದೇನೆ. ಎಷ್ಟು ವರ್ಷ ಅಂತ ಸುಳ್ಳು ಬರೆಯುವುದು? ಹಾಗಾಗಿ ಸಂಜೆ ಅಂಗಡಿ ಮುಚ್ಚುವ ಮೊದಲು ನನ್ನದೇ ಚೀಟಿ ಬರೆಯಲು ಶುರು ಮಾಡಿದೆ. ಹೆಸರು ಕಲ್ಪನೆಯದು, ಸಾವು ಕಲ್ಪನೆಯದು, ಮಾತು ಮಾತ್ರ ನಿಜ. ಒಂದನ್ನು ಇಲ್ಲಿ ಬರೆಯುತ್ತೇನೆ, ನೀನು ಒಂದನ್ನೂ ಓದಿಲ್ಲವಲ್ಲ.

*ನಮ್ಮ ದಿಮೊ, ಎಪ್ಪತ್ತೊಂದು ವರ್ಷ, ನಮ್ಮನ್ನಗಲಿ ಇಂದಿಗೆ ನಲವತ್ತು ದಿನ. ಈಗಲೂ ದಿನಾ ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ತಟ್ಟುತ್ತಾನೆ. ನಾವು ತೆಗೆಯುವುದಿಲ್ಲ. ಬದುಕಿದ್ದಾಗಲೂ ತೆಗೆಯುತ್ತಿರಲಿಲ್ಲ, ಕುಡಿದು ಬರುತ್ತಿದ್ದ. ನಿನ್ನೆಯಿಂದ ತಟ್ಟುವ ಸದ್ದು ಒಳಗಿನಿಂದ ಬರುತ್ತಿದೆ. ದುಃಖತಪ್ತರು: ಹೊರಗೆ ನಿಂತಿರುವ ಹೆಂಡತಿ ಮಕ್ಕಳು.*

ಇಷ್ಟೇ ಕಥೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಫೋಟೋದ ಜಾಗ ಖಾಲಿ. ಕೊನೆಯ ಸಾಲು ದುಃಖತಪ್ತರದ್ದೇ ಆಗಿರಬೇಕು. ಒಟ್ಟು ಅರವತ್ತು ಪದ ದಾಟಬಾರದು. ಇದಿಷ್ಟು ನಾನೇ ಮಾಡಿಕೊಂಡ ಕಾನೂನು, ಇವತ್ತಿನವರೆಗೆ ಮುರಿದಿಲ್ಲ.

ಶನಿವಾರ ಶನಿವಾರ ಸಂತೆಯಲ್ಲಿ ಉಪ್ಪಿನಕಾಯಿ ಮಾರುವವಳ ಪಕ್ಕದಲ್ಲಿ ಒಂದು ಮೇಜು ಹಾಕಿ, ಲಕೋಟೆಯಲ್ಲಿಟ್ಟು ಮಾರುತ್ತೇನೆ. ಒಂದು ಲಕೋಟೆ, ಒಂದು ಸಾವು. ಮೊದಮೊದಲು ಜನ ಶಿಲುಬೆ ಗುರುತು ಮಾಡಿಕೊಂಡು ದೂರ ಸರಿಯುತ್ತಿದ್ದರು. ಈಗ ಉಗುರಿಗೆ ಕಪ್ಪು ಬಣ್ಣ ಬಳಿದುಕೊಂಡ ಹುಡುಗಿಯರು ಬರುತ್ತಾರೆ, ಮೇಷ್ಟರು ಬರುತ್ತಾರೆ. ಮಾಂಸದಂಗಡಿ ಗಾನ್ಚೊ ವಾರಕ್ಕೊಂದು ತಪ್ಪದೆ ಒಯ್ಯುತ್ತಾನೆ. "ನನ್ ಹೆಂಡ್ತಿ ಇದನ್ನ ಓದಿದ ದಿನ ನನ್ ಹತ್ರ ಜಗಳ ಆಡಲ್ಲ ಕಣಕ್ಕಾ, ಹೆದರ್ಕೊಂಡು ಹತ್ರ ಕೂತ್ಕೋತಾಳೆ," ಅನ್ನುತ್ತಾನೆ. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬೇಕಾಗಿಲ್ಲ.

ಸೋಫಿಯಾದಲ್ಲಿ 'ಕರಿಬಾಗಿಲು' ಎಂಬ ಪುಟ್ಟ ಪತ್ರಿಕೆಯಿದೆ. ಬರೀ ದೆವ್ವದ ಕಿರುಗತೆಗಳದ್ದು. ಇನ್ನೂರು ಜನ ಓದಿದರೆ ಹೆಚ್ಚು, ಆ ಇನ್ನೂರರಲ್ಲಿ ನೂರೈವತ್ತು ಜನ ತಾವೂ ಬರೆಯುವವರೇ. ಅದರ ಸಂಪಾದಕ ಲ್ಯುಬೆನ್. ಎರಡು ವರ್ಷದ ಹಿಂದೆ ಅವನೇ ನನ್ನ ಸಂತೆಯ ಮೇಜಿನ ಮುಂದೆ ಬಂದು ನಿಂತಿದ್ದ. ಕತ್ತಿಗೆ ಮಫ್ಲರು, ಕಿವಿಗೊಂದು ಓಲೆ. ಏಳು ಲಕೋಟೆ ಅಲ್ಲೇ ಒಡೆದು ಓದಿದ.

"ಅಮ್ಮಾ, ಇದನ್ನೆಲ್ಲ ನೀವೇ ಬರ್ದಿದ್ದಾ?"

"ಇಲ್ಲ, ಸತ್ತವರು ಬಂದು ಹೇಳಿ ಬರೆಸಿಕೊಂಡು ಹೋಗ್ತಾರೆ," ಅಂದೆ.

ನಕ್ಕ. "ಅರವತ್ತೇ ಪದ ಯಾಕೆ? ಐವತ್ತು ಯಾಕಲ್ಲ? ನೂರು ಯಾಕಲ್ಲ?"

"ಅದು ಹಾಗೇ," ಅಂದೆ. ಬೇರೆಯವರೂ ಕೇಳಿದ್ದಾರೆ. ಯಾರಿಗೂ ಉತ್ತರ ಕೊಟ್ಟಿಲ್ಲ.

ಅಂದಿನಿಂದ ಅವನ ಪತ್ರಿಕೆಯಲ್ಲಿ ನನ್ನ ಕಥೆಗಳು ಬರತೊಡಗಿದವು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು. ಆ ಪುಟಗಳನ್ನು ನಾನು ಹರಿಯದಂತೆ ಕತ್ತರಿಸಿ ಇಟ್ಟಿದ್ದೇನೆ, ನಗಬೇಡ. ಈ ವರ್ಷ ಮಾರ್ಚಿನಲ್ಲಿ ಫೋನು ಮಾಡಿದ: ನಲವತ್ತು ಕಥೆಗಳ ಪುಸ್ತಕ ತರುತ್ತೇವೆ, ಅದರಲ್ಲಿ ನಿಮ್ಮವೇ ಹನ್ನೊಂದು, ಬಿಡುಗಡೆ ನಿಮ್ಮ ಊರಿನ ಗ್ರಂಥಾಲಯದಲ್ಲೇ. ತಿಶೊ, ಅವತ್ತು ನಾನು ಅಂಗಡಿಯಲ್ಲಿ ಒಬ್ಬ ಮುದುಕನ ಚೀಟಿಯಲ್ಲಿ ಹುಟ್ಟಿದ ವರ್ಷದ ಜಾಗಕ್ಕೆ ಸತ್ತ ವರ್ಷ ಹಾಕಿಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಮೊದಲ ತಪ್ಪು.

ಅಕ್ಟೋಬರ್ ಒಂಬತ್ತು, ಬುಧವಾರ. ನೀಲಿ ಕೋಟು ಹಾಕಿಕೊಂಡೆ. ಬೆಳಿಗ್ಗೆ ಎದ್ದು ಎರಡು ತಟ್ಟೆ ಬಾನಿತ್ಸಾ ಮಾಡಿದ್ದೆ, ಬಂದವರಿಗೆ ಚೀಸು ತುಂಬಿದ ಪದರು ರೊಟ್ಟಿಯ ಒಂದೊಂದು ತುಂಡು ಕೊಡೋಣ ಅಂತ. ಗ್ರಂಥಾಲಯ ತುಂಬಿತ್ತು. ನಮ್ಮ ಊರಿನಲ್ಲಿ ನೂರು ಜನ ಒಟ್ಟಿಗೆ ಕೂತಿದ್ದು ನಾನು ಅಂತ್ಯಕ್ರಿಯೆ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಮೇಜಿನ ಮೇಲೆ ಪುಸ್ತಕದ ರಾಶಿ. ಒಂದನ್ನು ತೆಗೆದು ತಿರುವಿದೆ. ಇಪ್ಪತ್ತೊಂಬತ್ತು ಕಥೆಗಳ ಕೆಳಗೆ ಬರೆದವರ ಹೆಸರಿದೆ, ಊರಿದೆ, ಕೆಲವರದು ನಾಯಿಯ ಹೆಸರೂ ಇದೆ. ನನ್ನ ಹನ್ನೊಂದರ ಕೆಳಗೆ, ಹನ್ನೊಂದರ ಕೆಳಗೂ, ಒಂದೇ ಸಾಲು: 'ಅಜ್ಞಾತ. ವಾಯವ್ಯದ ಬೀದಿಗಳಿಂದ ಸಂಗ್ರಹ.'

ಮೂರು ಸಲ ತಿರುವಿದೆ. ಹಿಂದಿನ ಪುಟ ನೋಡಿದೆ, ಮುಂದಿನ ಪುಟ ನೋಡಿದೆ. ಕೈಯಲ್ಲಿ ಬಾನಿತ್ಸಾ ತಟ್ಟೆ ಬೇರೆ, ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಆ ಲ್ಯುಬೆನ್ ಮೈಕು ಹಿಡಿದುಕೊಂಡು ದಿಮೊನ ಕಥೆ ಓದಿದ. ಚೆನ್ನಾಗಿಯೇ ಓದಿದ, ಸುಳ್ಳು ಹೇಳಬಾರದು. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಓದಿ ಮುಗಿಸಿ ಪುಸ್ತಕ ಎದೆಗೊತ್ತಿಕೊಂಡ. "ಇದನ್ನ ಬರ್ದಿದ್ದು ಯಾರು ಅಂತ ನಮಗೆ ಗೊತ್ತಿಲ್ಲ ಸ್ನೇಹಿತರೇ. ಯಾರೋ ಒಬ್ರು, ಯಾವುದೋ ಬಾಗಿಲ ಮೇಲೆ ಅಂಟಿಸಿ ಹೋದ್ರು. ಇಲ್ಲಿ ಸಾವೇ ಕಥೆ ಬರೆಯುತ್ತೆ!" ಅಂದ. ಚಪ್ಪಾಳೆ.

ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. "ಸಾವಲ್ಲಪ್ಪಾ, ಕೀನಾ ಬರೆದಿದ್ದು. ಇಲ್ಲೇ ಇದ್ದೀನಿ. ನೋಡು, ಕಾಣಿಸ್ತಿದ್ದೀನಾ?"

ಮುಂದಿನ ಸಾಲಿನ ಒಬ್ಬ ದೊಡ್ಡ ಮನುಷ್ಯ ತಿರುಗಿ, "ಕೂತ್ಕೊಳ್ಳಜ್ಜಿ, ಪ್ರಶ್ನೋತ್ತರ ಕೊನೇಲಿ," ಅಂದ. ಅವನ ತಾಯಿಯ ಚೀಟಿ ಬರೆದವಳು ನಾನು.

ಲ್ಯುಬೆನ್ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದ. "ಅಮ್ಮಾ, ಕೋಪ ಮಾಡ್ಕೋಬೇಡಿ. ಚೀಟಿಗೆ ಲೇಖಕರು ಅಂತ ಇರ್ತಾರಾ ಹೇಳಿ? ಹೆಸರು ಹಾಕಿದ್ರೆ ಅದರ ಜಾದೂ ಹೋಗ್ಬಿಡುತ್ತೆ."

"ನಿನ್ನ ಕಥೆ ಕೆಳಗೆ ನಿನ್ನ ಹೆಸರಿದೆಯಲ್ಲೋ, ಅದರ ಜಾದೂ ಹೋಗಲಿಲ್ವಾ?"

"ಅದು ಬೇರೆ ಅಮ್ಮಾ... ಅಲ್ದೆ, ನಿಮ್ ಪುಟಗಳಲ್ಲಿ ಕಪ್ಪಂಚು ಬೇರೆ ಹಾಕಿದೀವಿ, ಜಾಗಾನೂ ಇರ್ಲಿಲ್ಲ. ಮತ್ತೆ ಈ ಊರಲ್ಲಿ ಎಲ್ರಿಗೂ ಗೊತ್ತೇ ಇದೆಯಲ್ಲಾ, ನೀವೇ ಬರೆಯೋದು ಅಂತ?"

ಜಾಗ ಇರಲಿಲ್ಲ. ಎಲ್ಲರಿಗೂ ಗೊತ್ತೇ ಇದೆ. ಈ ಎರಡು ಮಾತು ಒಟ್ಟಿಗೆ ಕೇಳಿದ ಮೇಲೆ ನಾನು ಏನು ಮಾಡಿದೆನೆಂದು ನನಗೆ ಸರಿಯಾಗಿ ನೆನಪಿಲ್ಲ. ಪೌನಾ ಹೇಳುವ ಪ್ರಕಾರ ಬಾನಿತ್ಸಾದ ಒಂದು ತಟ್ಟೆ ಅವನ ಮಫ್ಲರಿನ ಮೇಲೆ ಬಿತ್ತು. ಇನ್ನೊಂದನ್ನು ನಾನು ಮನೆಗೆ ವಾಪಸು ತಂದಿದ್ದೆ, ಅದು ನಿಜ. ಮೂರು ದಿನ ಅದನ್ನೇ ತಿಂದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದವಳೇ ಮೊದಲು ಮಾಡಿದ ಕೆಲಸ ಇದು. ನನ್ನ ಗುರುತಿನ ಚೀಟಿಯ ಫೋಟೋ ದೊಡ್ಡದು ಮಾಡಿ, ಕಪ್ಪಂಚು ಹಾಕಿ, ಕೆಳಗೆ ಬರೆದೆ:

*ಕೀನಾ ಮಾರಿನೊವಾ, ಅರವತ್ನಾಲ್ಕು ವರ್ಷ, ಹನ್ನೊಂದು ಕಥೆಗಳ ತಾಯಿ, ಬುಧವಾರ ಸಂಜೆ ಆರೂವರೆಗೆ ನಗರದ ಗ್ರಂಥಾಲಯದಲ್ಲಿ ನೂರು ಜನರ ಎದುರು ಹೆಸರಿಲ್ಲದೆ ತೀರಿಕೊಂಡಳು. ಕೊಂದವನ ಕೈಯಲ್ಲಿ ಮೈಕಿತ್ತು. ನೋಡಿದವರು ಚಪ್ಪಾಳೆ ತಟ್ಟಿದರು. ಹೂವು ಬೇಡ. ದುಃಖತಪ್ತರು: ಅವಳ ದೆವ್ವಗಳು.*

ಪೌನಾ ಓದಿ ಕೈ ಹಣೆಗೆ ಹಚ್ಚಿಕೊಂಡಳು. "ಕೀನಾ, ಬದುಕಿರೋರ ಚೀಟಿ ಅಂಟಿಸಬಾರ್ದು ಕಣೇ, ಕೆಟ್ಟದಾಗುತ್ತೆ."

"ಕೆಟ್ಟದ್ದು ಆಗಿಹೋಯ್ತು. ಮೂವತ್ತು ಪ್ರತಿ ತೆಗಿ," ಅಂದೆ.

ಮೂವತ್ತನ್ನೂ ನಾನೇ ಅಂಟಿಸಿದೆ. ಆಸ್ಪತ್ರೆ ಗೇಟು, ಸಂತೆ, ಬಸ್ ನಿಲ್ದಾಣ, ಗ್ರಂಥಾಲಯದ ಎರಡೂ ಬಾಗಿಲು, ನನ್ನ ಮನೆಯ ಬಾಗಿಲು. ಜನ ಓದಿ ನಗುತ್ತಾರೆ, ಆ ಲ್ಯುಬೆನ್ನನಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಬುದ್ಧಿ ಇರಲಿಲ್ಲ ನೋಡು. ಸಾವಿನ ಚೀಟಿಯನ್ನು ಯಾರೂ ಓದುವುದಿಲ್ಲ. ಫೋಟೋ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಕೆಳಗೆ ಯಾರ ಯಾರ ಹೆಸರಿದೆ ನೋಡುತ್ತಾರೆ, ಮುಂದೆ ಹೋಗುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನಾನು ಊರಿಗೆಲ್ಲ ಸತ್ತಿದ್ದೆ. ಮೇಲಿನ ಮನೆಯ ತ್ಸೊಂಕಾ ಅಜ್ಜಿ, ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಗೆ ಸಕ್ಕರೆ ಉದುರಿಸಿ ತಟ್ಟೆ ಹಿಡಿದು ಇಳಿದುಬಂದಳು. ಬಾಗಿಲು ತೆರೆದವಳು ನಾನೇ. ಅವಳಿಗೆ ಕಣ್ಣು ಮಂಜು.

"ದೇವರು ಕೀನಾನ್ನ ಕ್ಷಮಿಸ್ಲಿ ಕಣಮ್ಮಾ," ಅಂದು ನನ್ನ ಕೈಗೇ ತಟ್ಟೆ ಕೊಟ್ಟಳು. "ಒಳ್ಳೆಯವ್ಳು, ಬಾಯಿ ಮಾತ್ರ ಸ್ವಲ್ಪ ಜೋರು. ನೀನ್ ಯಾರು, ತಂಗೀನಾ?"

"ನಾನೇ ಕೀನಾ, ಅಜ್ಜಿ!"

ಹತ್ತಿರ ಬಂದು ಮುಖ ಸವರಿ ನೋಡಿದಳು. "ಅಯ್ಯೋ ಮುಂಡೇದೆ! ಮತ್ತೆ ನನ್ ಗೋಧಿ?"

"ಇಲ್ಲೇ ಕೂತ್ಕೋ, ಇಬ್ರೂ ತಿನ್ನೋಣ," ಅಂದೆ. ತಿಂದೆವು. ನನ್ನ ಸಾವಿನ ಗೋಧಿಗೆ ಸಕ್ಕರೆ ಸ್ವಲ್ಪ ಕಮ್ಮಿಯಾಗಿತ್ತು.

ಗಾನ್ಚೊ ನಾಲ್ಕು ಕೆಂಪು ಕಾರ್ನೇಷನ್ ತಂದಿದ್ದ, ಸತ್ತವರಿಗೆ ಜೋಡಿ ಲೆಕ್ಕದಲ್ಲಿ ತರುವ ಹಾಗೆ. ನನ್ನನ್ನು ನೋಡಿ ಬಾಗಿಲಲ್ಲೇ ಸ್ತಂಭೀಭೂತನಾದ. ಆಮೇಲೆ ಒಂದು ಹೂವು ಕಿತ್ತು ಜೇಬಿಗೆ ಹಾಕಿಕೊಂಡು, ಬದುಕಿರುವವರಿಗೆ ಕೊಡುವ ಹಾಗೆ ಉಳಿದ ಮೂರನ್ನು ಕೈಗಿಟ್ಟ. ಆ ಮಾಂಸದಂಗಡಿಯವನಿಗಿರುವ ಮರ್ಯಾದೆ ಕಿವಿಗೆ ಓಲೆ ಹಾಕಿದವನಿಗಿಲ್ಲ. ಅವತ್ತು ಅತ್ತೆ ತಿಶೊ. ಕೋಪದಲ್ಲೇ ಅತ್ತೆ.

ಎರಡನೆಯ ದಿನ ಅಂಗಡಿಗೆ ಎರಡು ಫೋನು ಬಂದವು. ಒಂದು ನಿನ್ನದು. ದೊಡ್ಡಪ್ಪನ ಮಗಳು ಚೀಟಿಯ ಫೋಟೋ ತೆಗೆದು ನಿನಗೆ ಕಳಿಸಿದ್ದಳಂತೆ, ಹೂವಿನ ಚಕ್ರ ಕಳಿಸಿಯಾದ ಮೇಲೆ ನೀನು ಫೋನು ಮಾಡಿದ್ದೆ. ಇನ್ನೊಂದು ಲ್ಯುಬೆನ್ನನದು. ಯಾರೋ ಅವನಿಗೂ ಸುದ್ದಿ ಮುಟ್ಟಿಸಿದ್ದರು. ಪೌನಾ ತುಟಿ ಕಚ್ಚಿಕೊಂಡು ಫೋನು ನನಗೆ ಕೊಟ್ಟಳು.

"ನಮ್ ಕೀನಮ್ಮ... ಹೇಗಾಯ್ತು? ಆವತ್ತಿನ ಗಲಾಟೆಯಿಂದ ಹೃದಯಕ್ಕೇನಾದ್ರೂ..."

"ಹೃದಯ ಚೆನ್ನಾಗಿದೆ. ನಿನ್ನ ಪುಸ್ತಕದಲ್ಲಿ ಸತ್ತಿದ್ದು ಬಿಟ್ರೆ ಬೇರೆ ತೊಂದರೆ ಇಲ್ಲ."

ನನ್ನ ಧ್ವನಿ ಅವನಿಗೆ ಗುರುತು ಸಿಕ್ಕಿತು. ಆಮೇಲೆ ಅವನಿಗೂ ಸಿಟ್ಟು ಬಂತು, ಬೈದ. ನಾನೂ ಬೈದೆ. ಸಾವಿನ ಚೀಟಿಯ ಅಂಗಡಿಯಲ್ಲಿ ಕೂತು ಬೈಯುವವರಿಗೆ ಒಂದು ಅನುಕೂಲವಿದೆ, ಅದನ್ನು ಉಪಯೋಗಿಸಿಕೊಂಡೆ. "ಮುಂದಿನ ಚೀಟಿ ಯಾರದ್ದು ಅಂತ ಇನ್ನೂ ತೀರ್ಮಾನ ಮಾಡಿಲ್ಲ ಮಗಾ, ನಿನ್ನ ಒಳ್ಳೇ ಫೋಟೋ ಒಂದಿದ್ರೆ ಕಳಿಸು," ಅಂದೆ. ಕೊನೆಗೆ ಸುಸ್ತಾಗಿ, ಉಳಿದ ಪ್ರತಿಗಳಲ್ಲಿ ಹೆಸರಿನ ಚೀಟಿ ಅಂಟಿಸುತ್ತೇವೆ ಅಂದ.

"ನೀವು ಅಂಟಿಸೋದು ಬೇಡ. ನಾನೇ ಬಂದು ಅಂಟಿಸ್ತೀನಿ," ಅಂದೆ.

ಅದಕ್ಕೇ ಸೋಫಿಯಾಕ್ಕೆ ಹೋಗಿದ್ದು. ಚೀಟಿಗಳನ್ನು ಇಲ್ಲೇ ಮುದ್ರಿಸಿ, ನನ್ನದೇ ಗೋಂದಿನ ಡಬ್ಬಿ, ನನ್ನದೇ ಬ್ರಷ್ಷು ತೆಗೆದುಕೊಂಡು ಬಸ್ಸು ಹತ್ತಿದೆ. ಅವರ ಗೋದಾಮಿನಲ್ಲಿ ಮುನ್ನೂರ ನಲವತ್ತು ಪುಸ್ತಕ ಉಳಿದಿದ್ದವು. ಪುಸ್ತಕಕ್ಕೆ ಹನ್ನೊಂದರಂತೆ, ನಾಲ್ಕು ದಿನ ಕೂತು, 'ಅಜ್ಞಾತ'ದ ಮೇಲೆ ಒಂದೊಂದೇ ನನ್ನ ಹೆಸರು ಕೂರಿಸಿದೆ. ಗಾಳಿಗುಳ್ಳೆ ಇಲ್ಲದಂತೆ, ಮೂಲೆ ಏಳದಂತೆ. ಮಳೆಯಲ್ಲಿ ಲೈಟುಕಂಬದ ಮೇಲೆ ಅಂಟಿಸಿ ಪಳಗಿದ ಕೈ ಇದು, ಯಾರಪ್ಪ ಬಂದರೂ ಕೀಳಲಾರ. ಲ್ಯುಬೆನ್ ಮೊದಲ ದಿನ ಮುಖ ಊದಿಸಿಕೊಂಡು ತಿರುಗಿದ, ಎರಡನೆಯ ದಿನ ಕಾಫಿ ತಂದಿಟ್ಟ, ನಾಲ್ಕನೆಯ ದಿನ ಪಕ್ಕದಲ್ಲಿ ಕೂತು ಪುಟ ಬಿಡಿಸಿಕೊಟ್ಟ. ಕ್ಷಮಿಸಿದ್ದೇನೆಂದು ತಿಳಿಯಬೇಡ. ಬಿಡುಗಡೆಯ ದಿನ ಮಾರಿಹೋದ ಅರವತ್ತು ಪುಸ್ತಕಗಳಲ್ಲಿ ನಾನು ಇನ್ನೂ ಸತ್ತೇ ಇದ್ದೇನೆ. ಅವು ಯಾರ ಯಾರ ಮನೆಯಲ್ಲಿವೆಯೋ ಹುಡುಕುತ್ತಿದ್ದೇನೆ. ಹದಿನಾಲ್ಕು ಸಿಕ್ಕಿವೆ. ಬಾಗಿಲು ತಟ್ಟಿ ಗೋಂದಿನ ಡಬ್ಬಿ ತೋರಿಸಿದರೆ ಜನ ಪುಸ್ತಕ ತಂದುಕೊಡುತ್ತಾರೆ.

ಇವತ್ತು ಬೆಳಿಗ್ಗೆ ಅಪ್ಪನ ಸಮಾಧಿಗೆ ಹೋಗಿದ್ದೆ. ಕಳೆ ಕಿತ್ತು, ಗೋಧಿ ಹಂಚಿ, ವೈನು ಸುರಿದು ಬಂದೆ. ನಿನ್ನ ಪರವಾಗಿಯೂ ಸ್ವಲ್ಪ ಸುರಿದೆ. ಕಲ್ಲು ಸ್ವಲ್ಪ ವಾಲಿದೆ, ವಸಂತದಲ್ಲಿ ಸರಿ ಮಾಡಿಸಬೇಕು.

ನಿನ್ನ ಬೆನ್ನಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೋ, ಅಸಡ್ಡೆ ಮಾಡಬೇಡ. ವಿಯೊಲೆತಾಳಿಗೆ ನನ್ನ ನೆನಪು ಹೇಳು. ಮಕ್ಕಳು ನೂರು ವರ್ಷ ಬಾಳಲಿ, ಅವರ ಹೆಸರು ಬರೆಯಬೇಕಾದ ಕಡೆಯಲ್ಲೆಲ್ಲ ಬರೆಯುವವರು ಇರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಕೀನಾ ಮಾರಿನೊವಾ

ಮತ್ತೊಂದು ಮಾತು. ನೀನು ಅಂಗಡಿಗೆ ಫೋನು ಮಾಡಿದಾಗ ಪೌನಾ, "ಸತ್ತಿಲ್ಲ, ಅದು ಅವ್ಳು ಬರೆದ ಕಥೆ," ಅಂದಳಂತೆ. ನೀನು, "ಕಥೆಯೋ ಗಿಥೆಯೋ, ಕೆಳಗೆ ನನ್ ಹೆಸರು ಯಾಕಿಲ್ಲ? ಒಬ್ನೇ ತಮ್ಮ ನಾನು. ನೋಡಿದೋರು ಏನು ತಿಳ್ಕೋತಾರೆ?" ಅಂದೆಯಂತೆ. ಪೌನಾ ಹೇಳಲೋ ಬೇಡವೋ ಎಂದು ವಾರ ಕಾದು ಹೇಳಿದಳು. ಅದಕ್ಕೇ ಮೂರನೆಯ ವಾರ ನಾನು ಬರೆಯಲಿಲ್ಲ.

ಅಪ್ಪ ಹೋದಾಗ ಚೀಟಿಗೆ ಬೇಕಾದ ಮಾತುಗಳನ್ನು ನೀನು ವರ್ನಾದಿಂದ ಅಂಗಡಿಗೆ ಕಳಿಸಿದ್ದೆ. ಯಂತ್ರದ ಮುಂದೆ ಕೂತು ಅಕ್ಷರ ಜೋಡಿಸಿದವಳು ನಾನು. ಕೆಳಗೆ ಮಗ, ಸೊಸೆ, ಮೊಮ್ಮಕ್ಕಳು, ವಿಯೊಲೆತಾಳ ತಂದೆತಾಯಿ, ಎಲ್ಲರೂ ಇದ್ದರು. ನಾಲ್ಕು ವರ್ಷ ಅಪ್ಪನ ಮೈ ತೊಳೆದವಳು, ಬಾಯಿಗೆ ಚಮಚ ಇಟ್ಟವಳು, ಕೊನೆಯ ಉಸಿರು ನಿಂತಾಗ ಕಣ್ಣು ಮುಚ್ಚಿಸಿದವಳು ಇರಲಿಲ್ಲ. ಫೋನು ಮಾಡಿದೆ. ನೀನು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ: "ಅಯ್ಯೋ ಅಕ್ಕಾ, ನೀನು ಊರಲ್ಲೇ ಇದ್ದೀಯಲ್ಲ, ಎಲ್ರಿಗೂ ಗೊತ್ತು. ಜಾಗಾನೂ ಇಲ್ಲ. ಹಾಗೇ ಪ್ರಿಂಟ್ ಮಾಡ್ಬಿಡು." ನನ್ನದೇ ಕೈಯಲ್ಲಿತ್ತು ಯಂತ್ರ. ಒಂದು ಪದ ಸೇರಿಸಬಹುದಿತ್ತು. ಸೇರಿಸಲಿಲ್ಲ. ಹಾಗೇ ಮುದ್ರಿಸಿ, ಮೂವತ್ತನ್ನೂ ನಾನೇ ಅಂಟಿಸಿ ಬಂದೆ. ಬಂದು ಕೂತು ಪದ ಎಣಿಸಿದೆ. ಅರವತ್ತಿದ್ದವು.

ಡಿಸೆಂಬರ್ ಏಳಕ್ಕೆ ಅಪ್ಪ ಹೋಗಿ ಆರು ವರ್ಷ. ಈ ಸಲದ ಚೀಟಿ ನಾನು ಬರೆದಿದ್ದೇನೆ, ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹೆಸರಿದೆ, ವಿಯೊಲೆತಾಳದ್ದಿದೆ, ಮಕ್ಕಳದ್ದು, ಅವಳ ತಂದೆತಾಯಿಯದ್ದೂ ಇದೆ. ಯಾರನ್ನೂ ಬಿಟ್ಟಿಲ್ಲ. ಎಣಿಸಿ ನೋಡು, ಅರವತ್ತೊಂದಿವೆ.